ಕರಿಬೇವಿನ ಕುಂಡದ ಜಾರ್ಜಿಯಾ

ನನ್ನ ಮೊಮ್ಮಗಳು ತನ್ವಿ ಬಾಯಿ ಬಿಟ್ಟದ್ದು ಟ್ಯೂಷನ್ನಿನಿಂದ ಅಲ್ಲ. ಅವಳ ಅಪ್ಪ ಬರೆದುಕೊಟ್ಟ ಭಾಷಣದಿಂದಲೂ ಅಲ್ಲ. ಹಿಮ ಬೀಳುವ ಊರಿಗೆ ಅವಳನ್ನು ವಿಮಾನದಲ್ಲಿ ಕರೆದುಕೊಂಡು ಹೋದದ್ದರಿಂದಂತೂ ಅಲ್ಲವೇ ಅಲ್ಲ. ನಾನು ಅವಳ ಅಮ್ಮನ ಕರಿಬೇವಿನ ಗಿಡವನ್ನು ಕೊಂದೆ, ಅದರಿಂದ. ಮನೆಯಲ್ಲಿ ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹೇಳಲಿ. ಆದದ್ದು ಇಷ್ಟೇ.

ಈಗ ನಾವು ಅಬುಧಾಬಿಯ ಬನಿಯಾಸಿನಲ್ಲಿದ್ದೇವೆ. ಮೊನ್ನೆ ರಜೆಯ ದಿನ ಮಗ ನನ್ನನ್ನು ದುಬೈಗೆ, ನಮ್ಮ ಹಳೆಯ ಡಿಸ್ಕವರಿ ಗಾರ್ಡನ್ಸಿಗೆ ಕರೆದುಕೊಂಡು ಹೋದ. ಅಲ್ಲಿ ನಮ್ಮ ಎದುರು ಬಾಗಿಲಿನಲ್ಲಿದ್ದ ಝುಬೈದಾ ಇನ್ನೂ ಅದೇ ಮನೆಯಲ್ಲಿದ್ದಾಳೆ. ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು, ನನಗಿಂತ ಆರೇಳು ವರ್ಷ ಸಣ್ಣವಳು, ಮಾತಿನಲ್ಲಿ ಮಾತ್ರ ನನಗಿಂತ ದೊಡ್ಡವಳು. ನಾನು ಹೋದಾಗ ಬಾಲ್ಕನಿಯಲ್ಲಿ, ನಾವು ಮನೆ ಬಿಡುವಾಗ ಅವಳಿಗೆ ಕೊಟ್ಟುಬಂದ ಕುಂಡಕ್ಕೆ ನೀರು ಹಾಕುತ್ತಿದ್ದಳು. ನೀರು ಬಿದ್ದ ಕೂಡಲೇ ಒದ್ದೆ ಕೆಂಪು ಮಣ್ಣಿನ ವಾಸನೆ ಎದ್ದಿತು. ಈ ದೇಶದಲ್ಲಿ ಆ ವಾಸನೆ ಬರುವ ಜಾಗ ನನಗೆ ಗೊತ್ತಿರುವುದು ಅದೊಂದೇ. ಕೂತು ಚಾ ಕುಡಿಯುವುದರೊಳಗೆ ಆ ಚಳಿಗಾಲ ಪೂರ್ತಿ ನೆನಪಾಯಿತು. ನೆನಪಾದದ್ದನ್ನು ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟ ಇರಬಹುದು, ವಿಷಯ ನೇರ ಉಂಟು.

ಆ ವರ್ಷ ನನ್ನ ಮಗ ದಿನೇಶನಿಗೆ ಹೊಸ ಕೆಲಸ ಸಿಕ್ಕಿತ್ತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮಕ್ಕಳ ಶಾಲೆಯ ಖರ್ಚು ಕಂಪನಿಯದ್ದು ಎಂದು ಗೊತ್ತಾದದ್ದೇ, ತನ್ವಿಯನ್ನು ಇಂಡಿಯನ್ ಶಾಲೆಯಿಂದ ಬಿಡಿಸಿ ಅಮೆರಿಕದ ಪಾಠ ಹೇಳುವ ಶಾಲೆಗೆ ಸೇರಿಸಿದ. ನಾಲ್ಕನೇ ಕ್ಲಾಸು. ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ಹತ್ತಿರವೂ ಅರ್ಧ ಅದರಲ್ಲೇ ಮಾತಾಡುತ್ತಿದ್ದಳು. ಆದರೆ ಆ ಶಾಲೆಯಲ್ಲಿ ಲೋಕದ ಎಲ್ಲ ಕಡೆಯ ಮಕ್ಕಳು. ಇವಳು ಒಂದು ವಾಕ್ಯ ಹೊಂದಿಸುವುದರೊಳಗೆ ಅವರು ಮೂರು ಹೇಳಿ ಮುಗಿಸುತ್ತಿದ್ದರು. ಮೊದಲೆರಡು ತಿಂಗಳು ಹೇಗೋ ಕಳೆಯಿತು.

ಡಿಸೆಂಬರಿನ ರಜೆಗೆ ಮುಂಚೆ ಶಾಲೆಯಿಂದ ದಿನೇಶನ ಫೋನಿಗೆ ಒಂದು ಕಾಗದ ಬಂತು. ಮಾರ್ಚ್ ಕೊನೆಯಲ್ಲಿ ‘ಸ್ಟೇಟ್ ಫೇರ್’ ಎಂಬ ಪ್ರದರ್ಶನ. ಒಂದೊಂದು ಮಗುವಿಗೆ ಒಂದೊಂದು ಜಾಗ ಕೊಟ್ಟಿದ್ದರು. ಆ ಜಾಗದ ಭೂಗೋಳ ಏನು, ಜನ ಏನು ದುಡಿಮೆ ಮಾಡುತ್ತಾರೆ, ನೋಡುವಂಥದ್ದು ಏನುಂಟು ಎಂದು ಮಗು ಎಲ್ಲರೆದುರು ನಿಂತು ಹೇಳಬೇಕು. ತನ್ವಿಯ ಹೆಸರಿನ ಎದುರು ಜಾರ್ಜಿಯಾ ಎಂದಿತ್ತು.

“ಅಮ್ಮಾ, ನಮ್ಮ ತನ್ವಿಗೆ ಜಾರ್ಜಿಯಾ ಬಂದಿದೆ!” ಎಂದು ದಿನೇಶ ಅಡುಗೆಮನೆಗೆ ಓಡಿ ಬಂದ.

“ಬಂದಿದೆ ಅಂದ್ರೆ? ಜ್ವರವಾ?”

“ದೇಶ ಅಮ್ಮ, ದೇಶ! ನಮ್ಮ ಆಫೀಸಿನವರೆಲ್ಲ ಹೋಗಿ ಬಂದಾಯ್ತು. ಮೂರೂವರೆ ಗಂಟೆ ವಿಮಾನದಲ್ಲಿ ಕೂತ್ರೆ ಆಯ್ತು. ಇಲ್ಲಿಯ ರೆಸಿಡೆನ್ಸ್ ಇದ್ರೆ ಬೇರೆ ವೀಸಾನೇ ಬೇಡ.”

ಇಲ್ಲಿ ದುಡಿಯುವ ನಮ್ಮವರಿಗೆ ಜಾರ್ಜಿಯಾ ಎಂದರೆ ಅದೊಂದೇ. ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕಿದರೆ ಸಾಕು, ಕಟ್ಟಡದ ಅರ್ಧ ಜನ ಟೊಪ್ಪಿ ಸ್ವೆಟರು ಹಾಕಿಕೊಂಡು ಆ ಹಿಮದ ದೇಶಕ್ಕೆ ಹೋಗಿ, ಬಿಳಿ ಗುಡ್ಡದ ಮುಂದೆ ಕೈ ಅಗಲಿಸಿ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಆಗ ತನ್ವಿ ಫ್ರಿಜ್ಜಿನ ಪಕ್ಕ ನಿಂತಿದ್ದಳು. “ಪಪ್ಪಾ, ಐ ಥಿಂಕ್ ಇದು ಬೇರೆ. ಟೀಚರ್ ಸ್ಟೇಟ್ ಅಂತ ಹೇಳಿದ್ರು” ಎಂದಳು.

“ಸ್ಟೇಟ್ ಅಂದ್ರೂ ದೇಶ ಅಂದ್ರೂ ಒಂದೇ ಮಗಾ. ನೀನು ಸುಮ್ನಿರು, ಪಪ್ಪ ನಿಂಗೆ ಹಿಮ ತೋರಿಸ್ತೇನೆ.”

ಹುಡುಗಿ ಹೇಳಿದ್ದು ಸರಿಯಾಗಿತ್ತು. ಕೇಳಿಸಿಕೊಂಡವಳು ನಾನೂ ಒಬ್ಬಳು. ದೋಸೆ ಕಾವಲಿ ಉಜ್ಜುತ್ತಿದ್ದೆ, ಉಜ್ಜುತ್ತಲೇ ಇದ್ದೆ. ನನ್ನದೂ ತಪ್ಪೇ.

ಐದು ದಿನಕ್ಕೆ ಅವರು ಮೂವರೂ ಹೋದರು. ನನ್ನನ್ನೂ ಕರೆದರು. “ಚಳಿ ಬೇಕಾದ್ರೆ ನಿನ್ನ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಕುರ್ಚಿ ಹಾಕು, ಕೂತ್ಕೊಳ್ತೇನೆ” ಎಂದು ಹೇಳಿ ಉಳಿದುಕೊಂಡೆ. ಆ ಐದು ದಿನವೂ ಬೆಳಿಗ್ಗೆ ಎದ್ದರೆ ಕಿಟಕಿಯ ಹೊರಗೆ ಏನೂ ಕಾಣದಷ್ಟು ಮಂಜು. ಜೆಬೆಲ್ ಅಲಿಯ ಕಡೆಯ ಕ್ರೇನುಗಳ ತಲೆ ಮಾತ್ರ ಮೇಲೆ ತೇಲುತ್ತಿತ್ತು. ಝುಬೈದಾ ಮತ್ತು ನಾನು ಅವಳ ಬಾಲ್ಕನಿಯಲ್ಲಿ ಕೂತು ಚಾ ಕುಡಿದೆವು. “ಮಂಜು ಇಲ್ಲೇ ಫ್ರೀ ಸಿಗ್ತದಲ್ಲಾ ಲೀಲಕ್ಕ, ಇವರು ಎಂತ ನೋಡ್ಲಿಕ್ಕೆ ಹೋದದ್ದು?” ಎಂದು ಅವಳು ದಿನಾ ಒಂದೇ ಮಾತು ಕೇಳುತ್ತಿದ್ದಳು. ಅವರು ಫೋಟೋ, ದಾರದಲ್ಲಿ ಪೋಣಿಸಿದ ಅಕ್ರೋಟಿನ ಮಿಠಾಯಿ ಮತ್ತು ತನ್ವಿಗೆ ಶೀತ ತೆಗೆದುಕೊಂಡು ಬಂದರು.

ಜನವರಿಯಲ್ಲಿ ಶಾಲೆ ಶುರುವಾಯಿತು. ಮಕ್ಕಳು ತಂತಮ್ಮ ಜಾಗದ ಬಗ್ಗೆ ಒಂದು ಹಾಳೆ ತೋರಿಸಬೇಕಿತ್ತು. ದಿನೇಶ ಚಂದದ ಹಾಳೆ ಮಾಡಿಕೊಟ್ಟಿದ್ದ: ಹಿಮದ ಬೆಟ್ಟ, ಅಲ್ಲಿನ ರಾಜಧಾನಿ, ದ್ರಾಕ್ಷಿ ತೋಟ, ಮಧ್ಯದಲ್ಲಿ ಇವರ ಮೂವರ ಫೋಟೋ. ಟೀಚರು ಗೋಡೆಯ ಮೇಲೆ ಅಮೆರಿಕದ ನಕ್ಷೆ ತೂಗುಹಾಕಿ, ಒಬ್ಬೊಬ್ಬರನ್ನೂ ಕರೆದು ನಿಮ್ಮ ರಾಜ್ಯಕ್ಕೆ ಬೆರಳಿಡಿ ಎಂದರಂತೆ. ಇವಳ ಸರದಿ ಬಂದಾಗ ಇವಳ ಕೈಯಲ್ಲಿ ಬೇರೆಯೇ ದೇಶ. ಇವಳಿಗೆ ಸಿಕ್ಕಿದ್ದು ಅಮೆರಿಕದ ದಕ್ಷಿಣದಲ್ಲಿರುವ ಜಾರ್ಜಿಯಾ ಎಂಬ ರಾಜ್ಯ. ಕ್ಲಾಸು ನಕ್ಕಿತು. ಮರುದಿನದಿಂದ ಅವಳ ಹೆಸರು ‘ರಾಂಗ್ ಜಾರ್ಜಿಯಾ’.

ಅಲ್ಲಿಗೆ ಅವಳ ಬಾಯಿ ಮುಚ್ಚಿತು. ಅಳಲಿಲ್ಲ, ಹಟ ಮಾಡಲಿಲ್ಲ. ಶಾಲೆಯಲ್ಲಿ ಹಾಜರಿಗೂ ಕೈ ಮಾತ್ರ ಎತ್ತುತ್ತಿದ್ದಳಂತೆ. ಜನವರಿ ಕೊನೆಗೆ ಟೀಚರು ತಂದೆತಾಯಿಯನ್ನು ಕರೆಸಿದರು. ಸೊಸೆ ರೇಷ್ಮಾ ಮನೆಗೆ ಬಂದು ಚಪ್ಪಲಿ ಬಿಡದೆಯೇ ಸೋಫಾದ ಮೇಲೆ ಕೂತಳು. “ಮಾಮೀ” ಎಂದಳು, ನಮ್ಮ ಕಡೆ ಅತ್ತೆಯನ್ನು ಕರೆಯುವುದು ಹಾಗೆ. “ಮಾಮೀ, ಪ್ರದರ್ಶನದ ದಿನ ಇವಳು ನಾಲ್ಕು ನಿಮಿಷ ಮಾತಾಡ್ಲೇಬೇಕಂತೆ. ಇಲ್ಲಾಂದ್ರೆ ಇಂಗ್ಲಿಷ್ ಸಾಕಾಗುದಿಲ್ಲಾಂತ ಇನ್ನೊಂದು ವರ್ಷ ಇದೇ ಕ್ಲಾಸಿನಲ್ಲಿ ಕೂರಿಸ್ತಾರಂತೆ.”

“ಹಳೇ ಶಾಲೆಗೇ ಹಾಕುವ” ಎಂದ ದಿನೇಶ.

“ಅಲ್ಲಿ ಜಾಗ ಎಲ್ಲಿ ಉಂಟು? ನೀವು ಕಾಗದದಲ್ಲಿ ಎರಡನೇ ಸಾಲು ಓದಿದ್ರೆ ಇದೆಲ್ಲ ಆಗ್ತಿತ್ತಾ?”

ಅವನು ಮರುದಿನ ನಾಲ್ಕು ಪುಟದ ಭಾಷಣ ಅಚ್ಚು ಮಾಡಿಸಿಕೊಂಡು ಬಂದು, ಹುಡುಗಿಯನ್ನು ಹಾಲಿನಲ್ಲಿ ನಿಲ್ಲಿಸಿ ಬಾಯಿಪಾಠ ಮಾಡಿಸಲು ಕೂತ. ಒಂದು ವಾರ ಕೂತ. ಅವಳು ತುಟಿ ಒತ್ತಿಕೊಂಡು ನಿಂತಳು. ವಾರಕ್ಕೆ ಮೂರು ದಿನ ಟ್ಯೂಷನ್ನಿನ ಹೆಂಗಸೂ ಬಂದಳು, ಹೋದಳು.

ಫೆಬ್ರವರಿಯ ಒಂದು ಸಂಜೆ ಝುಬೈದಾ ಸಿಪ್ಪೆ ಇರುವ ಹಸಿ ನೆಲಗಡಲೆ ತಂದುಕೊಟ್ಟಳು. ನಾನು ಉಪ್ಪು ಹಾಕಿ ಬೇಯಲಿಕ್ಕೆ ಇಟ್ಟೆ. ಶಾಲೆಯ ಟ್ಯಾಬ್ ಹಿಡಿದುಕೊಂಡು ತನ್ವಿ ಅಡುಗೆಮನೆಯ ನೆಲದಲ್ಲಿ ಕೂತಿದ್ದಳು. ನನಗೆ ಇಂಗ್ಲಿಷ್ ಓದಲು ಬಾರದು. ಬಾರದ್ದರಿಂದಲೇ ಕೇಳಿದೆ.

“ಆ ಸರಿಯಾದ ಜಾರ್ಜಿಯಾದಲ್ಲಿ ಜನ ಎಂತ ತಿಂತಾರೆ?”

ಅವಳು ಭುಜ ಕುಣಿಸಿದಳು.

“ಗೊತ್ತಿಲ್ವಾ? ಹೋಗ್ಲಿ ಬಿಡು. ನಿನ್ನ ಅಪ್ಪನಿಗೂ ಗೊತ್ತಿಲ್ಲ.”

ಅವಳು ಒಮ್ಮೆ ನನ್ನನ್ನು ನೋಡಿ ಟ್ಯಾಬಿಗೆ ಬಗ್ಗಿದಳು. ನಾನು ಕಡಲೆ ಬಸಿದು ತಟ್ಟೆಗೆ ಹಾಕಿದೆ. ಹಬೆ ಎದ್ದಿತು.

“ಅಜ್ಜೀ, ದೇ ಈಟ್ ದಿಸ್” ಎಂದಳು.

“ಯಾವುದು?”

“ಇದೇ! ಬೇಯಿಸಿದ್ದು. ರೋಡ್ ಸೈಡಲ್ಲಿ ಮಾರ್ತಾರೆ. ಅಮೆರಿಕದಲ್ಲಿ ಎಲ್ಲಾಕ್ಕಿಂತ ಜಾಸ್ತಿ ನೆಲಗಡಲೆ ಬೆಳೆಯುದು ಅಲ್ಲೇ ಅಂತೆ.”

“ಹುರಿಯದೆ ಬೇಯಿಸಿ ತಿಂತಾರಾ? ಹಾಗಾದ್ರೆ ಬುದ್ಧಿ ಉಂಟು ಅವರಿಗೆ. ಮಣ್ಣು ಯಾವ ಬಣ್ಣ?”

“ಮಣ್ಣಾ?”

“ಮತ್ತೆ? ಕಡಲೆ ಆಕಾಶದಲ್ಲಿ ಆಗ್ತದಾ?”

ಅವಳು ಹುಡುಕಿ ಒಂದು ಚಿತ್ರ ತೋರಿಸಿದಳು. ಕನ್ನಡಕ ಹಾಕಿ ನೋಡಿದೆ. ಗುಡ್ಡ ಕಡಿದು ಮಾಡಿದ ದಾರಿ, ಎರಡೂ ಬದಿಯಲ್ಲಿ ಇಟ್ಟಿಗೆಯ ಹಾಗೆ ಕೆಂಪು ಮಣ್ಣು, ಮಳೆ ನೀರು ಕೊರೆದ ಗೆರೆ. ನನಗೆ ನಗು ಬಂತು. ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮಣ್ಣು ಹೊತ್ತು, ತುಳಿದು, ಅಚ್ಚಿಗೆ ಕೊಟ್ಟವಳು ನಾನು. ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಅಂದಿನಿಂದ ದಿನಾ ಸಂಜೆ ನಾನು ಕೇಳುವುದು, ಅವಳು ಹುಡುಕಿ ಹೇಳುವುದು. ಉತ್ತರದಲ್ಲಿ ಬೆಟ್ಟ, ಅಬ್ಬಿ. ನಡುವೆ ಕೆಂಪು ಮಣ್ಣಿನ ದಿಬ್ಬ. ಅದರ ಕೆಳಗೆ ಮರಳು ನೆಲ, ಕಡಲೆ, ಹತ್ತಿ, ಪೈನ್ ಮರ. ಪೂರ್ವಕ್ಕೆ ಕಡಲು; ಉಬ್ಬರ ಬಂದರೆ ನೀರು, ಇಳಿದರೆ ಹುಲ್ಲು ಕಾಣುವ ಅಳಿವೆ, ಸಿಗಡಿ ದೋಣಿ. “ನಮ್ಮ ಉಳ್ಳಾಲದ ಹಾಗೆಯೇ ಉಂಟಲ್ಲ” ಎಂದೆ. ದಕ್ಷಿಣದ ಮೂಲೆಯಲ್ಲಿ ಮೊಸಳೆಯ ಜೌಗು. ಅದಕ್ಕೆ ಅಲ್ಲಿಯ ಹಳೆಯ ಜನ ಇಟ್ಟ ಹೆಸರಿನ ಅರ್ಥ ನಡುಗುವ ನೆಲ ಎಂದಂತೆ. ಕಾಲಿಟ್ಟರೆ ಪಕ್ಕದ ಗಿಡ ಅಲುಗಾಡುತ್ತದೆ. ದೊಡ್ಡ ಊರು ಅಟ್ಲಾಂಟಾ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನಮ್ಮ ದುಬೈಯ ಹಾಗೆಯೇ ಲೋಕವೆಲ್ಲ ಇಳಿದು ಹತ್ತುತ್ತದೆ. ಹಡಗಿನ ಊರು ಸವಾನಾ.

“ಅಲ್ಲಿಗೆ ಜನ ನೋಡ್ಲಿಕ್ಕೆ ಯಾಕೆ ಹೋಗ್ತಾರೆ?”

“ಮರ ನೋಡ್ಲಿಕ್ಕೆ. ಗಡ್ಡ ಇರುವ ಮರ ಅಜ್ಜಿ. ಕೊಂಬೆಯಿಂದ ಬೂದಿ ಕಲರ್ ಗಡ್ಡ ನೇತಾಡ್ತದೆ.”

“ಗಡ್ಡ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಝುಬೈದಾಳ ಗಂಡನಿಗೆ ಇಲ್ವಾ?”

ಅವಳು ನಕ್ಕಳು. ಒಂದು ತಿಂಗಳ ನಂತರ ನಕ್ಕದ್ದು. ಆದರೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳು ಎಂದು ಅವಳಪ್ಪ ಬಾಗಿಲಲ್ಲಿ ನಿಂತು ಹೇಳಿದ್ದೇ ತಡ, ಮತ್ತೆ ತುಟಿ ಒತ್ತಿಕೊಂಡಳು. ನನಗೆ ಅರ್ಥವಾಯಿತು. ಇವಳಿಗೆ ಭಾಷಣ ಬೇಡ, ಕೈಗೆ ಏನಾದರೂ ಬೇಕು. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಓಡುತ್ತದೆ. ಕಾರ್ಖಾನೆಯಲ್ಲಿ ನಾವು ಎಂಬತ್ತು ಹೆಂಗಸರು ಮಣ್ಣು ಹೊರುವಾಗ ಯಾರೂ ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

ಆದರೆ ದುಬೈಯಲ್ಲಿ ಮಣ್ಣು ಎಲ್ಲಿ? ಹೊರಗೆ ಇರುವುದು ಮರಳು ಹೊಯಿಗೆ. ಅಂಗಡಿಯ ಕುಂಡದ ಮಣ್ಣು ಕಪ್ಪಗೆ, ಬರೀ ನಾರು. ನಮ್ಮ ಮನೆಯಲ್ಲಿ ಮಾತ್ರ ಒಂದು ಕಡೆ ಕೆಂಪು ಮಣ್ಣು ಇತ್ತು. ರೇಷ್ಮಾ ಊರಿಂದ ಬರುವಾಗಲೆಲ್ಲ ಬಟ್ಟೆಯ ನಡುವೆ ಕಟ್ಟಿ ತಂದದ್ದು. ತರಬಹುದೋ ಬಾರದೋ ನನಗೆ ಗೊತ್ತಿಲ್ಲ, ತಂದಳು. ಅದರಲ್ಲಿ ಕರಿಬೇವಿನ ಗಿಡ, ಅವಳ ಎದೆಯೆತ್ತರ. ಮೂರು ವರ್ಷ ಏಸಿಯ ನೀರು ಕೂಡ ಹಾಕದೆ, ಕುಡಿಯುವ ನೀರು ಹಾಕಿ ಬೆಳೆಸಿದ್ದಳು.

ಅವಳು ಕೆಲಸಕ್ಕೆ ಹೋದ ಮೇಲೆ ಗಿಡವನ್ನು ಬೇರುಸಹಿತ ಎತ್ತಿ, ಅಂಗಡಿಯ ಕಪ್ಪು ಮಣ್ಣಿಗೆ ಹಾಕಿದೆ. ಕೆಂಪು ಮಣ್ಣನ್ನು ಬಕೆಟ್ಟಿನಲ್ಲಿ ಕದಡಿ, ಜರಡಿ ಹಿಡಿದು, ಕಲ್ಲು ಬೇರು ತೆಗೆದು, ನುಣ್ಣಗೆ ಅಡಿಗೆ ಕೂರಲು ಬಿಟ್ಟೆ. ಗಿಡ ಬದುಕುತ್ತದೆ ಎಂದುಕೊಂಡಿದ್ದೆ. ನಾಲ್ಕನೇ ದಿನ ಎಲೆ ಎಲ್ಲ ಬಾಲ್ಕನಿಯ ನೆಲದ ಮೇಲಿತ್ತು.

ರೇಷ್ಮಾ ಬೋಳು ಕಡ್ಡಿಯ ಮುಂದೆ ನಿಂತಳು. “ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಮಾಮಿ?”

“ಕೇಳಿದ್ರೆ ಕೊಡ್ತಿದ್ದಿಯಾ?”

“ಇಲ್ಲ.”

“ಅದಕ್ಕೇ ಕೇಳ್ಲಿಲ್ಲ.”

ಅವಳ ಕಣ್ಣು ತುಂಬಿತು. ಗಿಡಕ್ಕೆ ಅಳುವುದು ನನಗೆ ಹಿಡಿಸುವುದಿಲ್ಲ, ಆದರೆ ತಪ್ಪು ನನ್ನದು. “ನೋಡು ರೇಷ್ಮಾ, ಗಿಡ ಸತ್ತದ್ದು ಸತ್ತಿತು. ಮಣ್ಣು ಎಲ್ಲಿಗೂ ಹೋಗುದಿಲ್ಲ. ಪ್ರದರ್ಶನ ಆದ ಮರುದಿನ ಬೆಳಿಗ್ಗೆ ನಿನ್ನ ಮಣ್ಣು ನಿನ್ನ ಕುಂಡದಲ್ಲಿರ್ತದೆ. ಇದು ನನ್ನ ಮಾತು” ಎಂದೆ. ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೇ ದಿನ ದಿನೇಶ ಕೆಲಸದಿಂದ ಬಂದವನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ ತಂದು ನನ್ನ ಮುಂದೆ ಇಟ್ಟ. ಮುಖ ಸಣ್ಣದಾಗಿತ್ತು.

“ಅಮ್ಮ, ಇದು ನಮ್ಮ ಕೋಲ್ಡ್ ಸ್ಟೋರೇಜಿಗೆ ಬರುವ ಫ್ರೋಜನ್ ಕೋಳಿ ಪೆಟ್ಟಿಗೆ. ಇಲ್ಲಿ ನೋಡಿ, ಎಂತ ಬರ್ದಿದೆ ಗೊತ್ತುಂಟಾ?”

“ನನ್ನ ಹತ್ರ ಕೇಳ್ತಿಯಲ್ಲ, ಓದ್ಲಿಕ್ಕೆ?”

ತನ್ವಿ ಬಗ್ಗಿ ಓದಿದಳು. “ಜಾರ್ಜಿಯಾ, ಯುಎಸ್ಎ.”

ಸೇರಿದ ದಿನದಿಂದ ಅವನು ಆ ಪೆಟ್ಟಿಗೆಗಳನ್ನು ಎಣಿಸಿ ಒಳಗೆ ಹಾಕಿಸುತ್ತಿದ್ದ. ಸರಿಯಾದ ಜಾರ್ಜಿಯಾ ದಿನಾ ಅವನ ಕೈಯ ಕೆಳಗೆ ಹಾದುಹೋಗುತ್ತಿತ್ತು, ಅವನು ಮಾತ್ರ ಅದನ್ನು ಹುಡುಕಿಕೊಂಡು ಹಿಮಕ್ಕೆ ಹೋಗಿದ್ದ. ಝುಬೈದಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಖಲಾಸ್ ದಿನೇಶ, ನೀನು ಇನ್ನು ಯಾವ ದೇಶಕ್ಕೆ ಹೋಗುದಿದ್ರೂ ಮೊದ್ಲು ಕೋಳಿ ಹತ್ರ ಕೇಳಿ ಹೋಗು.” ಅವನೂ ನಕ್ಕ. ತನ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೆಟ್ಟಿಗೆಯ ರಟ್ಟನ್ನೇ ನಾಲ್ಕು ಪದರ ಅಂಟಿಸಿ ಹಲಗೆ ಮಾಡಿದೆವು.

ಅದರ ಮೇಲೆ ಮಣ್ಣು ಹಾಕಿ ಜಾರ್ಜಿಯಾ ತಟ್ಟಿದೆವು. ನೋಡಲು ಮೂಲೆ ಮುರಿದ ಹಂಚಿನ ಹಾಗೆ ಆ ರಾಜ್ಯ. ನಾನು ಮಣ್ಣು ಹದ ಮಾಡಿಕೊಟ್ಟೆ, ಬೆಟ್ಟ ಎತ್ತಿದ್ದು, ಹೊಳೆ ಕೊರೆದದ್ದು ಅವಳು. ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಒಣಗಿಸಬೇಕು, ಅವಸರ ಮಾಡಿದರೆ ಒಡೆಯುತ್ತದೆ ಎಂದು ಹೇಳಿ ಮಲಗಿದೆ. ಏಸಿಯನ್ನು ಮರೆತಿದ್ದೆ. ಮಂಗಳೂರಿನ ಹವೆಯಲ್ಲಿ ಹಂಚು ಒಣಗಿಸಿದವಳಿಗೆ ಏಸಿಯ ಒಣ ಗಾಳಿ ಲೆಕ್ಕಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಬಟ್ಟೆ ತೆಗೆದರೆ ಹಲಗೆಯ ಈ ಬದಿಯಿಂದ ಆ ಬದಿಗೆ, ಸರಿಯಾಗಿ ನಡುವಿನಲ್ಲಿ, ಒಂದು ಬೆರಳು ಅಗಲದ ಬಿರುಕು.

ಮಣ್ಣು ನನ್ನ ಕೈಯಲ್ಲಿ ಒಡೆದದ್ದು ಬಹಳ ವರ್ಷದ ನಂತರ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಬಿರುಕು ತುಂಬಲು ನೀರು ತೆಗೆದುಕೊಂಡೆ.

“ಅಜ್ಜೀ, ಮುಟ್ಬೇಡಿ!”

ಅವಳು ಟ್ಯಾಬ್ ತಂದು ನೆಲದ ಮೇಲಿಟ್ಟು ಬೆರಳು ಓಡಿಸಿದಳು. “ಇಲ್ಲೇ ಉಂಟು ಇದು! ಫಾಲ್ ಲೈನ್! ಕೆಂಪು ಮಣ್ಣಿನ ಜಾಗ ಮುಗಿದು ಮರಳು ಶುರು ಆಗುವ ಗೆರೆ. ಹೊಳೆಗಳೆಲ್ಲ ಇಲ್ಲಿ ಕೆಳಗೆ ಜಾರ್ತಾವೆ. ದೋಣಿ ಇದ್ರ ಮೇಲೆ ಹೋಗ್ಲಿಕ್ಕಾಗುದಿಲ್ಲ, ಅದಕ್ಕೇ ಪೇಟೆಗಳೆಲ್ಲ ಈ ಗೆರೆ ಮೇಲೆಯೇ ಆದದ್ದು. ಮತ್ತೆ ಈ ಗೆರೆಯಲ್ಲಿ ಬಿಳಿ ಮಣ್ಣು ಸಿಗ್ತದೆ ಅಜ್ಜಿ, ಪಿಂಗಾಣಿ ಮಾಡುವುದು!”

ಹೇಳಿದ ವೇಗದಲ್ಲಿ ಉಸಿರು ತೆಗೆದುಕೊಳ್ಳುವುದನ್ನೂ ಮರೆತಿದ್ದಳು. ರೇಷ್ಮಾ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು ನಿಂತಳು. ನಾನು ಡಬ್ಬದಿಂದ ಅಕ್ಕಿ ಹಿಟ್ಟು ತೆಗೆದು ಕೊಟ್ಟೆ. ತನ್ವಿ ಬಿರುಕಿಗೆ ತುಂಬಿದಳು. ಬಿಳಿ ಮಣ್ಣು ಆಯಿತು. ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದ ಸೊಸೆ ತೆಂಗಿನ ನಾರು ಬಿಡಿಸಿ ಮರಕ್ಕೆ ಗಡ್ಡ ಕಟ್ಟಿಕೊಟ್ಟಳು.

ಜಗಳ ಮತ್ತೆ ಆದದ್ದು ಹತ್ತಿಯಲ್ಲಿ. ಔಷಧದ ಪೆಟ್ಟಿಗೆಯ ಹತ್ತಿ ಕಿತ್ತು ಕೆಳಗಿನ ಮರಳು ನೆಲದಲ್ಲಿ ಅಂಟಿಸುವಾಗ ನಾನು ಎಂದಿನ ಹಾಗೆ ಕೇಳಿದೆ, “ಇಷ್ಟು ಹತ್ತಿ ಬಿಡಿಸಿದ್ದು ಯಾರು?” ತನ್ವಿ ಓದಿದ್ದಳು. ಹಡಗಿನಲ್ಲಿ ಆಫ್ರಿಕಾದಿಂದ ಹಿಡಿದು ತಂದು, ಮಾರಿ, ಹೊಡೆದು ದುಡಿಸಿದ ಜನ ಎಂದಳು. ಮೆಲ್ಲಗೆ ಹೇಳಿದಳು.

“ಅದೆಲ್ಲ ನಾಲ್ಕನೇ ಕ್ಲಾಸಿಗೆ ಬೇಡ” ಎಂದ ದಿನೇಶ. “ಭೂಗೋಳ, ಆರ್ಥಿಕತೆ, ನೋಡುವ ಜಾಗ, ಅಷ್ಟೇ ಕೇಳಿದ್ದು.”

“ಮತ್ತೆ ಹತ್ತಿ ತಾನಾಗಿ ಗಿಡದಿಂದ ಇಳಿದು ಮೂಟೆಯೊಳಗೆ ಹೋಗಿ ಕೂತಿತಾ?”

“ಅಮ್ಮ, ಟೀಚರ್ ಅಮೆರಿಕದವ್ರು. ಬೇಜಾರಾದ್ರೆ?”

“ಆಗ್ಲಿ. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರ್ತದೆ. ಮಣ್ಣು ತುಳಿದವರ ಹೆಸರು ಒಂದು ಹಂಚಿನ ಮೇಲೂ ಇಲ್ಲ. ನಾನು ತುಳಿದವಳು. ಹೇಳುದಾದ್ರೆ ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ಹತ್ತಿ ಕಿತ್ತು ಬಿಸಾಡು.”

ಹತ್ತಿ ಉಳಿಯಿತು.

ಮಾರ್ಚ್ ಕೊನೆಗೆ ಸೆಕೆ ಶುರುವಾಗಿತ್ತು. ಹಲಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಶಾಲೆಯ ದೊಡ್ಡ ಹಾಲು. ಸಾಲುಸಾಲು ಮೇಜು, ಒಂದೊಂದು ಮೇಜಿಗೆ ಒಂದೊಂದು ರಾಜ್ಯ, ಬಣ್ಣದ ಕಾಗದ, ಮಿನುಗುವ ದೀಪ. ನಮ್ಮದೊಂದೇ ಮಣ್ಣು. ತಂದೆತಾಯಿಗಳು ಕುರ್ಚಿಯಲ್ಲಿ. ಎತ್ತರದ ಟೀಚರಮ್ಮ ಪುಸ್ತಕ ಪೆನ್ನು ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದರು, ಅವರ ಹಿಂದೆ ಕ್ಲಾಸಿನ ಮಕ್ಕಳು. ನಮ್ಮ ಮೇಜಿನ ಹತ್ತಿರ ಬರುವಾಗ ಒಬ್ಬಳು ಹುಡುಗಿ ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ‘ರಾಂಗ್ ಜಾರ್ಜಿಯಾ’ ಎಂಬ ಆ ಎರಡು ಶಬ್ದ ನನಗೂ ಅರ್ಥವಾಗುತ್ತಿತ್ತು.

ಟೀಚರು ಏನೋ ಕೇಳಿದರು. ತನ್ವಿ ತುಟಿ ಒತ್ತಿಕೊಂಡಳು. ಟೀಚರು ಕಾದರು. ಮತ್ತೊಮ್ಮೆ ಕೇಳಿದರು. ರೇಷ್ಮಾ ನನ್ನ ಕೈ ಹಿಡಿದಳು. ಟೀಚರ ಪೆನ್ನು ಪುಸ್ತಕದ ಮೇಲೆ ಇಳಿಯಿತು.

ನಾನು ಎದ್ದೆ.

“ಅಮ್ಮಾ, ಕೂತ್ಕೊಳ್ಳಿ”, ದಿನೇಶ ಸೆರಗು ಎಳೆದ.

“ನೀನು ಕೂತ್ಕೋ. ಆವತ್ತು ಕೂತು ಓದ್ಲಿಲ್ಲ, ಅದಕ್ಕೇ ಇದೆಲ್ಲ ಆದದ್ದು.”

ಮೇಜಿನ ಮುಂದೆ ಹೋಗಿ ನಿಂತೆ. ಸೊಂಟಕ್ಕೆ ಕೈ ಕೊಟ್ಟು, ಅಡುಗೆಮನೆಯಲ್ಲಿ ಕೇಳುವ ಧ್ವನಿಯಲ್ಲೇ ಕೇಳಿದೆ.

“ಏ ಹುಡುಗೀ, ಇದು ಯಾವ ಜಾರ್ಜಿಯಾ?”

ಅವಳು ತಲೆ ಎತ್ತಿದಳು. ಕಿವಿ ಕೆಂಪಾಗಿತ್ತು. “ಸರಿಯಾದ್ದು” ಎಂದಳು.

“ಸರಿಯಾದ್ದು ಅಂತ ಹೇಗೆ ಹೇಳ್ತಿ?”

“ಮಣ್ಣು ನೋಡಿ ಅಜ್ಜಿ.”

ಟೀಚರು ನಮ್ಮಿಬ್ಬರನ್ನೂ ನೋಡಿ ಅವಳನ್ನು ಏನೋ ಕೇಳಿದರು. ನಾವು ಏನು ಮಾತಾಡಿದೆವು ಎಂದು ಕೇಳಿದ್ದು ಎಂದು ರೇಷ್ಮಾ ಆಮೇಲೆ ಹೇಳಿದಳು. ಆ ಹಾಲಿನಲ್ಲಿ ಎರಡೂ ಕಡೆಯ ಮಾತು ಗೊತ್ತಿದ್ದ ಮಗು ಇವಳೊಬ್ಬಳೇ. ಟೀಚರಿಗೆ ನನ್ನ ಮಾತು ಬಾರದು, ನನಗೆ ಟೀಚರದ್ದು ಬಾರದು. ಇವಳು ಬಾಯಿ ಬಿಡದಿದ್ದರೆ ಇಬ್ಬರು ದೊಡ್ಡವರು ಮೂಕರ ಹಾಗೆ ನಿಲ್ಲಬೇಕು. ಅವಳು ಬಾಯಿ ಬಿಟ್ಟಳು.

“ಜಾರ್ಜಿಯಾ ಎರಡು ಇವೆ, ಎರಡೂ ನಿಜ. ಒಂದಕ್ಕೆ ನಾವು ಹೋಗಿ ಬಂದೆವು, ಅಲ್ಲಿ ಹಿಮ ಇತ್ತು. ಇನ್ನೊಂದನ್ನು ನಾನೇ ಮಾಡಿದೆ, ಇದು” ಎಂದಳಂತೆ, ಇಂಗ್ಲಿಷಿನಲ್ಲಿ. ಆ ಇಬ್ಬರು ಹುಡುಗಿಯರು ನಗಲಿಲ್ಲ.

ಆಮೇಲೆ ನಾನು ಕೇಳುತ್ತ ಹೋದೆ, ಅವಳು ನನಗೆ ಒಂದು ಮಾತು ಕನ್ನಡದಲ್ಲಿ ಹೇಳಿ ಅವರಿಗೆ ಹತ್ತು ಮಾತು ಇಂಗ್ಲಿಷಿನಲ್ಲಿ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳುವುದನ್ನು ನಿಲ್ಲಿಸಿದೆ, ಅವಳು ನಿಲ್ಲಿಸಲಿಲ್ಲ. ನನಗೆ ಭಾಷೆ ತಿಳಿಯದಿದ್ದರೂ ಬೆರಳು ತಿಳಿಯುತ್ತಿತ್ತು. ಬೆರಳು ಬೆಟ್ಟದಿಂದ ಇಳಿಯಿತು, ಅಟ್ಲಾಂಟಾದಲ್ಲಿ ವಿಮಾನ ಹತ್ತಿಸಿತು, ಬಿಳಿ ಬಿರುಕಿನ ಉದ್ದಕ್ಕೂ ಓಡಿತು. ಹಲಗೆಯ ಅಡಿಯ ಅಕ್ಷರ ತೋರಿಸಿ ಅವಳು ಏನೋ ಹೇಳಿದಾಗ ಎಲ್ಲರೂ ದಿನೇಶನ ಕಡೆ ತಿರುಗಿ ನಕ್ಕರು. ಕೋಳಿಯ ವಿಷಯ ಎಂದು ಗೊತ್ತಾಯಿತು.

ಹತ್ತಿಯ ಹತ್ತಿರ ಬೆರಳು ನಿಂತಿತು. ಅವಳು ಅಪ್ಪನನ್ನು ನೋಡಿದಳು. ಅವನು ತಲೆ ಆಡಿಸಿದ, ಹೇಳು ಎಂದು. ಅವನನ್ನು ನಾನು ಬೈದದ್ದು ಬಹಳ. ಹಾಗೆ ತಲೆ ಆಡಿಸಿದ್ದನ್ನು ಅವನ ಲೆಕ್ಕದಲ್ಲಿ ಒಳ್ಳೆಯದು ಎಂದು ಬರೆಯುತ್ತೇನೆ. ಅವಳು ಮೆಲ್ಲಗೆ, ಒಂದೊಂದೇ ಮಾತು ಆರಿಸಿ ಹೇಳಿದಳು. ಟೀಚರು ಪೆನ್ನು ಮೇಜಿನ ಮೇಲಿಟ್ಟು ಕೇಳಿದರು. ಬೇಜಾರಾಯಿತೋ ಇಲ್ಲವೋ, ಮುಖ ತಿರುಗಿಸಲಿಲ್ಲ.

ನಾಲ್ಕು ನಿಮಿಷ ಎಂದಿದ್ದರು. ಹತ್ತಕ್ಕಿಂತ ಜಾಸ್ತಿಯೇ ಆಗಿರಬೇಕು. ಕೊನೆಗೆ ಟೀಚರು ನನ್ನನ್ನು ತೋರಿಸಿ ಕೇಳಿದರು. “ಅಜ್ಜೀ, ನೀವು ಜಾರ್ಜಿಯಾ ನೋಡಿದ್ದೀರಾ ಅಂತ ಕೇಳ್ತಿದ್ದಾರೆ.”

“ಇಲ್ಲಾಂತ ಹೇಳು. ಕಲಸಿದ್ದೇನೆ, ಅಷ್ಟೇ.”

ಅವಳು ಹೇಳಿದಳು. ಟೀಚರು ಜೋರಾಗಿ ನಕ್ಕು ನನ್ನ ಕೈ ಹಿಡಿದು ಕುಲುಕಿದರು. ಮುಂದಿನ ಕ್ಲಾಸಿನ ಬಗ್ಗೆ ಇನ್ನು ಮಾತಿಲ್ಲ, ಎಲ್ಲರ ಜೊತೆ ಮೇಲೆ ಹೋಗುತ್ತಾಳೆ ಎಂದು ರೇಷ್ಮಾಳಿಗೆ ಅಲ್ಲೇ ಹೇಳಿದರು. ಈ ಜಾರ್ಜಿಯಾವನ್ನು ವರ್ಷ ಮುಗಿಯುವವರೆಗೆ ಶಾಲೆಯ ಬಾಗಿಲ ಬಳಿ ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಕೊಡುತ್ತೀರಾ ಎಂದೂ ಕೇಳಿದರು. ದಿನೇಶನ ಮುಖ ಅರಳಿತು.

“ಆಗ್ಲಿಕ್ಕಿಲ್ಲ” ಎಂದೆ. “ಮಣ್ಣು ಇವಳ ಅಮ್ಮನದ್ದು.”

“ಇರ್ಲಿ ಮಾಮಿ, ಇಟ್ಕೊಳ್ಳಿ ಅವರು” ಎಂದಳು ರೇಷ್ಮಾ. ಈ ಸಲ ಅವಳು ಅತ್ತದ್ದು ಗಿಡಕ್ಕಲ್ಲ.

“ಫೋಟೋ ತೆಗೆದು ಇಟ್ಕೊಳ್ಳಿಕ್ಕೆ ಹೇಳು. ನಾನು ಹೇಳಿದ ಮಾತು ಮಾತೇ.”

ಮರುದಿನ ಬೆಳಿಗ್ಗೆ ಎದ್ದವಳೇ ಹಲಗೆಯನ್ನು ಬಾಲ್ಕನಿಗೆ ತಂದೆ. ಕಡ್ಡಿ, ನಾರು, ಹತ್ತಿ ಕಿತ್ತು ತೆಗೆದೆ. ಸುತ್ತಿಗೆಯ ಹಿಡಿಯಿಂದ ಬಿರುಕಿನ ಮೇಲೆ ಒಂದು ಕೊಟ್ಟೆ; ಜಾರ್ಜಿಯಾ ಎರಡಾಯಿತು. ಎರಡನ್ನೂ ಪುಡಿ ಮಾಡಿ ಬಕೆಟ್ಟಿನಲ್ಲಿ ನೆನೆಹಾಕಿದೆ. ತನ್ವಿ ಶಾಲೆಯ ಬಟ್ಟೆ ಹಾಕಿಕೊಂಡು, ಹಾಲಿನ ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಬೆಟ್ಟ ಮೊದಲು ಕರಗಿತು ಎಂದಳು. ಈಗ ಅಟ್ಲಾಂಟಾ ಹೋಯಿತು ಎಂದಳು. ಸವಾನಾದ ಹಡಗಿನಲ್ಲಿ ಏನೇನು ಬರುತ್ತದೆ, ಮೊಸಳೆ ಎಷ್ಟು ಮೊಟ್ಟೆ ಇಡುತ್ತದೆ, ನಿನ್ನೆ ಆ ಹುಡುಗಿ ಬಂದು ಏನು ಕೇಳಿದಳು, ಅದಕ್ಕೆ ಇವಳು ಏನು ಹೇಳಿದಳು, ಒಂದರ ಹಿಂದೆ ಒಂದು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಝುಬೈದಾ ತನ್ನ ಮನೆಯ ಗಿಡದ ಬುಡದಿಂದ ಕಿತ್ತ ಒಂದು ಗೇಣಿನ ಕರಿಬೇವಿನ ಸಸಿ ಹಿಡಿದುಕೊಂಡು ಬಂದು, ನನ್ನ ಕೈಗೆ ಕೊಟ್ಟಳು. ಕುಂಡಕ್ಕೆ ಮಣ್ಣು ತುಂಬಿದೆ. ಸಸಿ ಇಟ್ಟು ಬುಡ ಒತ್ತಿದೆ. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು.

“ಸಾಕು ಮಾರಾಯ್ತಿ, ಬಾಯಿ ಮುಚ್ಚಿ ಹಾಲು ಕುಡಿ, ಬಸ್ಸು ಬಂತು” ಎಂದೆ.